ತರಿ ಲೆಕ್ಕ

ವಂಶವೃಕ್ಷ ಬೇಕೆಂದು ತಲಾಟಿ ಹಾಳೆ ಕೊಟ್ಟ.
ಮೇಲೊಂದು ಚೌಕ, ಕೆಳಗೆ ಗೆರೆಗಳು,
ಗೆರೆಯ ತುದಿಗೆ ಮತ್ತೆ ಚೌಕಗಳು.
ಮರವಂತೆ ಇದು. ಬೇರು ಮೇಲಿದೆ.
ನನಗೆ ಬೇಕಾದದ್ದು ಕೋಡಿಬಾಗದ ಮೂರು ಗುಂಟೆ
ಅಪ್ಪನ ಹೆಸರಿಂದ ನನ್ನ ಹೆಸರಿಗೆ, ಅಷ್ಟೇ.

ಅಪ್ಪ, ಯಶವಂತ ಪುರ್ಸೊ ಮಾಜಾಳಿಕರ.
ನಮ್ಮಲ್ಲಿ ಹೆಸರಿನ ನಡುವೆ ತಂದೆ ಕೂತಿರುತ್ತಾನೆ,
ದೋಣಿಯ ನಡುಹಲಗೆಯ ಮೇಲೆ ಕೂತ ಹಾಗೆ.
ಟಿಕೇಟು ಯಾರೂ ಕೇಳುವುದಿಲ್ಲ.

ಅಜ್ಜನ ಮರಣದ ದಾಖಲೆ ಮೋಡಿ ಲಿಪಿಯಲ್ಲಿತ್ತು.
ಓದಬಲ್ಲವರು ಊರಿಗೊಬ್ಬರೇ, ಮುದಿ ಕಾರಕೂನ ರಾಯ್ಕರರು.
ಭೂತಗನ್ನಡಿ ಹಿಡಿದು ಒಂದೊಂದೇ ಕೊಂಡಿ ಬಿಡಿಸಿದರು:
ಪುರ್ಸೊ, ಖಲಾಸಿ, ಕೂರ್ಮಗಡದ ಆಚೆ ಮುಳುಗಿ,
ನಲವತ್ತೊಂದನೇ ಇಸವಿ, ಶ್ರಾವಣ.
ಅಪ್ಪನ ಶಾಲೆಯ ದಾಖಲೆ ನನ್ನ ಚೀಲದಲ್ಲಿತ್ತು:
ನಲವತ್ತಮೂರು, ಅಕ್ಟೋಬರ್ ಎಂಟು.
ರಾಯ್ಕರರು ಬೆರಳು ಮಡಚಿ ತಿಂಗಳು ಎಣಿಸತೊಡಗಿ
ಎರಡನೇ ಕೈಗೆ ಬರುವಾಗ ನಿಲ್ಲಿಸಿದರು,
ಕನ್ನಡಕ ಒರೆಸಿಕೊಂಡರು.
‘ಚಾ ಕುಡೀತ್ಯಾ?’ ಅಂದರು.

ಗುಣಾ ಅತ್ತೆಗೆ ಈಗ ಎಂಬತ್ತೆಂಟು. ಆಗ ಐದೋ ಆರೋ.
ಕಾಳಿಗೆ ಸೇತುವೆ ಇಲ್ಲದ ಕಾಲ.
ಗಂಡ ಸತ್ತ ಮಳೆಗಾಲ ಕಳೆದದ್ದೇ
ಶೆವಂತಿ ಅಜ್ಜಿ ತರಿ ದಾಟಿ ಸದಾಶಿವಗಡಕ್ಕೆ ಹೋದಳು,
ಯಾರದೋ ದೊಡ್ಡ ಮನೆಯಲ್ಲಿ ಭತ್ತ ಕುಟ್ಟಲು.
ಹೋಗುವಾಗ ಒಂದು ತಲೆ, ಒಂದು ಬಿಲ್ಲಿ.
ಮೂರನೇ ವರ್ಷ ಬರುವಾಗಲೂ ಒಂದೇ ತಲೆ, ಒಂದೇ ಬಿಲ್ಲಿ.
ಸೊಂಟದ ಮೇಲಿನ ಕೂಸಿಗೆ ತರಿಯವ ದುಡ್ಡು ಹಿಡಿಯುವುದಿಲ್ಲ.
ಹಾಗಾಗಿ ಅಪ್ಪ ಈ ದಂಡೆಗೆ ಬಂದದ್ದು
ಯಾವ ಲೆಕ್ಕದಲ್ಲೂ ಇಲ್ಲ.

‘ಇದು ಯಾರು ಅಂತ ಕೇಳ್ದೆ. ನಿನ್ನ ತಮ್ಮ ಅಂದ್ಳು.
ಮತ್ತೆ ಎಂತ ಕೇಳೂದು?
ಕೈಯಲ್ಲಿ ಬೆಲ್ಲ ಇತ್ತು, ಅರ್ಧ ಕೊಟ್ಟೆ.’

ಕೇರಿಯವರೂ ಕೇಳಲಿಲ್ಲ.
ಸಾಯುವಾಗ ಹೊಟ್ಟೆಯಲ್ಲಿತ್ತು ಅಂತ ಒಬ್ಬಳು ಅಂದಳಂತೆ,
ಉಳಿದವರು ಮೀನು ಹೆಚ್ಚುತ್ತಲೇ ಹೂಂ ಅಂದರಂತೆ.
ಬೈಗುಳಕ್ಕೆ ಬಾಯಿ ಕಟ್ಟಿಲ್ಲದ ಕೇರಿ ಅದು,
ಈ ಒಂದು ಮಾತನ್ನು ಮಾತ್ರ
ಎಂಬತ್ತು ವರ್ಷ ನುಂಗಿಕೊಂಡಿತು.

ನನ್ನ ನಿದ್ದೆ ಕೆಡಿಸಿದ್ದು ಬೇರೆ.
ಮಾಸ್ತರರ ಮುಂದೆ ನಿಂತು
ತಂದೆಯ ಹೆಸರಿಗೆ ಸುಳ್ಳು ಹೇಳಿದ ಅಜ್ಜಿ
ಹುಟ್ಟಿದ ದಿನಕ್ಕೆ ಯಾಕೆ ನಿಜ ಹೇಳಿದಳು?
ಎರಡು ವರ್ಷ ಹಿಂದೆ ಸರಿಸಿದ್ದರೆ ಸಾಕಿತ್ತು.
ಅಕ್ಷರ ಬಾರದವಳು. ಲೆಕ್ಕ ಬಾರದವಳಲ್ಲ,
ಮೀನಿನ ಪಾಲು ಹಾಕುವಾಗ ಒಂದು ಸಿಗಡಿ ತಪ್ಪುತ್ತಿರಲಿಲ್ಲ.

ಅಪ್ಪನ ಎಡಗಾಲಿನ ಎರಡನೇ ಮೂರನೇ ಬೆರಳು ಕೂಡಿದ್ದವು.
ನನ್ನವೂ ಹಾಗೇ.
ಅಂದಿನಿಂದ ಕಾಲು ನೋಡುವ ಚಾಳಿ ಹತ್ತಿತು.
ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ದೇವಸ್ಥಾನದ ಮೆಟ್ಟಿಲಲ್ಲಿ
ಮುಖ ಬಿಟ್ಟು ಪಾದ ನೋಡುವ ಹೆಂಗಸು ನಾನು.

ಸದಾಶಿವಗಡದಲ್ಲೊಂದು ಮದುವೆ. ಬಡಿಸಲು ನಿಂತಿದ್ದೆ.
ಪಂಕ್ತಿಯ ಕೊನೆಗೊಬ್ಬ ಮುದುಕ, ಶುಭ್ರ ಧೋತರ,
ಎಡಗಾಲು ಹೊರಗೆ ಚಾಚಿದ್ದ, ಮಂಡಿ ನೋವಂತೆ.
ಕೂಡಿದ ಎರಡು ಬೆರಳು.
ನನ್ನ ಕೈಯ ಸೌಟಿನಿಂದ ಸೋಲ್‌ಕಡಿ ತುಳುಕಿ
ಬಾಳೆಲೆಯಾಚೆ ಹರಿಯಿತು.
‘ಇನ್ನು ಸ್ವಲ್ಪ?’ ಅಂದೆ.
ತಲೆ ಎತ್ತದೆ ಎಲೆಯ ಮೇಲೆ ಕೈ ಅಡ್ಡ ಹಿಡಿದ.
ಸಾಕು.
ಮುಂದಿನ ಎಲೆಗೆ ಹೋದೆ.

ಇವತ್ತು ಚೌಕ ತುಂಬಿದೆ.
ಪುರ್ಸೊ.
ಖಲಾಸಿಯೇ, ನಿನ್ನ ಫೋಟೋ ಇಲ್ಲ, ನಿನ್ನ ಹೆಣವೂ ಸಿಗಲಿಲ್ಲ.
ನೀರಿನಡಿ ಎರಡು ವರ್ಷ ಕಳೆದ ಮೇಲೂ
ಯಾರದೋ ಮಗುವಿಗೆ ಹೆಸರು ಕೊಟ್ಟೆ,
ನಿನ್ನನ್ನು ಕೇಳದೆಯೇ ತಕ್ಕೊಂಡೆವು.
ಗೆರೆ ಎಳೆಯುವಾಗ ಕೈ ಸ್ವಲ್ಪ ನಡುಗಿತು,
ಎಳೆದೆ.

ತಲಾಟಿ ತಾರೀಕು ನೋಡಲಿಲ್ಲ, ಸಿಕ್ಕಾ ಒತ್ತಿದ.
ಮನೆಗೆ ಬಂದರೆ ಗುಣಾ ಅತ್ತೆ ಬಾಗಿಲಲ್ಲೇ ಕೂತಿದ್ದಳು:
‘ಆಯ್ತಾ? ಅಳತೆಗೆ ಯಾವಾಗ ಬತ್ರಂತೆ?’